ಕಟಿಂಗ್ ಅಂಗಡಿ ಅಣ್ಣನ ದಾಡಿ

ಅವರ ಬಲಗೈಯ ಹೆಬ್ಬೆರಳು ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಅದನ್ನು ಗದ್ದದ ಕೆಳಗಿಟ್ಟು ಮೆಲ್ಲಗೆ ಒತ್ತಿದರೆ ಸಾಕು, ತಲೆ ತಾನಾಗಿ ಹಿಂದಕ್ಕೆ ವಾಲಿ ಗಂಟಲು ಬೆಳಕಿಗೆ ಬರುತ್ತಿತ್ತು. ಉಗುರಿನ ಮೂಲೆಯಲ್ಲಿ ಸದಾ ಒಂದಿಷ್ಟು ಒಣಗಿದ ನೊರೆ. ಬೆರಳಿನ ಒಳಬದಿಯಲ್ಲಿ ಕತ್ತಿ ಹಿಡಿದು ಹಿಡಿದು ಗಟ್ಟಿಯಾದ ಗಂಟು. ಆ ಗಂಟು ಕೆನ್ನೆಗೆ ತಾಗುತ್ತಿದ್ದುದು ಇಂದಿಗೂ ನೆನಪಿದೆ. ಮುಖ ನೆನಪಿಲ್ಲ.

ಹೀಗೆ ಬರೆದ ಕೂಡಲೇ ಅನುಮಾನ ಬರುತ್ತದೆ. ಮುಖ ನೆನಪಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಕಿವಿಗೆ ಸಿಕ್ಕಿಸಿಕೊಂಡ ಪೆನ್ಸಿಲ್ಲು ನೆನಪಿದೆ. ನಗುವಾಗ ಒಂದೇ ಕಡೆ ಏಳುತ್ತಿದ್ದ ಮೇಲ್ತುಟಿ ನೆನಪಿದೆ. ಕಣ್ಣು ಮಾತ್ರ ಇಲ್ಲ. ಕಣ್ಣು ಇರಬೇಕಾದ ಜಾಗದಲ್ಲಿ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನೇ ಬರೆದ ಒಂದು ಸಾಲು ಕೂತಿದೆ: "ಬತ್ತಿದ ಬಾವಿಯಂಥ ಕಣ್ಣುಗಳು." ಅದು ಸುಳ್ಳು ಸಾಲು. ಅದನ್ನು ಅಲ್ಲಿಂದ ಎಬ್ಬಿಸಬೇಕೆಂದು ಎಷ್ಟೋ ವರ್ಷಗಳಿಂದ ಹೆಣಗುತ್ತಿದ್ದೇನೆ.

ಆಗ ನಾನು ಕನ್ನಡ ಎಂ.ಎ. ಓದುತ್ತಿದ್ದೆ. ಕಲಬುರಗಿಯ ಖೂಬಾ ಪ್ಲಾಟಿನ ಒಂದು ಮನೆಯ ಮಾಳಿಗೆ ಕೋಣೆಯಲ್ಲಿ ಬಾಡಿಗೆಗಿದ್ದೆ. ಜಗತ್ ಸರ್ಕಲ್ಲಿನಿಂದ ಒಳಕ್ಕೆ ತಿರುಗುವ ಓಣಿಯೊಂದರಲ್ಲಿ ಅವರ ಕಟಿಂಗ್ ಅಂಗಡಿ. ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ, ಕಾಯುವವರಿಗೊಂದು ಬೆಂಚು. ಎರಡನೆಯ ಕುರ್ಚಿಯಲ್ಲಿ ಗಿರಾಕಿ ಕೂತದ್ದನ್ನು ನಾನು ಕಂಡಿಲ್ಲ. ಅದರ ತುಂಬ ರದ್ದಿ ಅಂಗಡಿಯಿಂದ ತಂದ ಹಳೆಯ ವಾರಪತ್ರಿಕೆಗಳು. ದಿನಾ ಕಮಲಾಪುರದಿಂದ ಮೊದಲ ಬಸ್ಸಿಗೆ ಬಂದು, ಸಂಜೆಯ ಬಸ್ಸಿಗೆ ತಿರುಗಿ ಹೋಗುತ್ತಿದ್ದರು. ಹೋಗುವಾಗ ಒಂದು ವಾರಪತ್ರಿಕೆ ಚೀಲದಲ್ಲಿ ಇರುತ್ತಿತ್ತು.

"ಅಕಿಗಿ ಓದಿ ಹೇಳ್ತೀನ್ರಿ," ಎಂದಿದ್ದರು ಒಮ್ಮೆ, ಹೆಂಡತಿಯ ವಿಷಯ. "ಅಕಿ ರೊಟ್ಟಿ ಬಡೀತಾಳ, ನಾ ಓದ್ತೀನಿ. ಕಥಿ ಚಲೋ ಇದ್ರ ರೊಟ್ಟಿ ಹೊತ್ತತದ."

ನಾನು ಅವರಿಗೆ ಅಣ್ಣಾ ಎನ್ನುತ್ತಿದ್ದೆ. ಅವರು ನನಗೆ ಮಾಸ್ತರ್ರ ಎನ್ನುತ್ತಿದ್ದರು. ನಾನಿನ್ನೂ ಮಾಸ್ತರನಾಗಿರಲಿಲ್ಲ. ಅದರಲ್ಲಿ ಅರ್ಧ ಹಾರೈಕೆ, ಅರ್ಧ ಚೇಷ್ಟೆ.

ದಾಡಿ ಮಾಡಿಸಿಕೊಳ್ಳುವಾಗ ಗಿರಾಕಿ ಮಾತಾಡುವಂತಿಲ್ಲ. ಹಾಗಾಗಿ ಆ ಅಂಗಡಿಯಲ್ಲಿ ಸಾಹಿತ್ಯದ ಬಗ್ಗೆ ಅವರೊಬ್ಬರೇ ಮಾತಾಡುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ನಮ್ಮ ಮೇಷ್ಟ್ರುಗಳಿಗೂ ಅಷ್ಟು ಶಿಸ್ತಿನ ಕೇಳುಗರು ಸಿಕ್ಕಿರಲಿಕ್ಕಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಥೆಗಳನ್ನು ಓದಿ, ದಾಡಿ ಬಂದಲ್ಲಿ, ಕಣ್ಣು ಬಂದಲ್ಲಿ ಪೆನ್ಸಿಲ್ಲಿನಿಂದ ಗೆರೆ ಹಾಕಿ ಇಟ್ಟಿರುತ್ತಿದ್ದರು. ನನಗೆ ನೊರೆ ಹಚ್ಚಿದ ಮೇಲೆ ಪಾಠ ಶುರು.

"ಇಲ್ಲಿ ನೋಡ್ರಿ, ಕಳ್ಳ ಬಂದ. ಬಂದ ಕೂಡ್ಲೆ ಕೆಂಪು ಕಣ್ಣು, ಕುರುಚಲು ದಾಡಿ. ಹಂತಾಂವ ನಿನ್ನಿ ಇದ ಕುರ್ಚಿ ಮ್ಯಾಲ ಕುಂತಿದ್ದ. ಮಗಳ ಲಗ್ನದ ಓಡ್ಯಾಟದಾಗ ಮೂರು ದಿನ ನಿದ್ದಿ ಇಲ್ಲದಾಂವ. ಕಳ್ಳ ದಾಡಿ ಬಿಟ್ಕೊಂಡು ಯಾಕ ತಿರುಗ್ತಾನ್ರೀ? ಚಂದಾಗಿ ಮಾಡಿಸ್ಕೊಂಡು, ಪೌಡರ್ ಹಚ್ಚಿಸ್ಕೊಂಡು ಹೋಗ್ತಾನ."

ಪುಟ ತಿರುವಿ ಇನ್ನೊಂದು. "ಇಲ್ಲಿ ಸಾಧು ಬಂದ. ಬೆಳ್ಳನ ದಾಡಿ, ಶಾಂತ ಕಣ್ಣು. ಬೆಳ್ಳನ ದಾಡ್ಯಾವ್ರು ಒಂದು ಕೂದಲ ಹೆಚ್ಚು ಕಡಿಮಿ ಆದ್ರ ಎಂಥಾ ಬೈಗುಳ ಬೈತಾರಂತ ಒಂದು ದಿನ ಬಂದು ಕೇಳ್ಳಿ ಅನ್ರಿ ಆ ಬರಿಯೋ ಸಾಹೇಬ್ರಿಗಿ."

ಬೆಂಚಿನ ಮೇಲೆ ದಿನಪತ್ರಿಕೆ ಹಿಡಿದು ಕೂತಿರುತ್ತಿದ್ದ ನಿವೃತ್ತ ಗುಮಾಸ್ತರೊಬ್ಬರು ನಗುತ್ತಿದ್ದರು. ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಅವರದು ಬೆಳ್ಳನೆಯ ದಾಡಿ.

ಒಮ್ಮೆ ನೊರೆ ಒರೆಸಿದ ಮೇಲೆ ನಾನು ವಾದಕ್ಕಿಳಿದೆ. ಕಥೆಯಲ್ಲಿ ದಾಡಿ ಎಂದರೆ ಬರೀ ದಾಡಿಯಲ್ಲ, ಅದು ಒಳಗಿನದರ ಗುರುತು, ಕಣ್ಣು ಮನಸ್ಸಿನ ಬಾಗಿಲು ಎಂದೆಲ್ಲ ತರಗತಿಯಲ್ಲಿ ಕೇಳಿದ್ದನ್ನು ಹೇಳಿದೆ. ಅವರು ಬ್ರಷ್ಷು ತೊಳೆಯುತ್ತ ಕೇಳಿಸಿಕೊಂಡರು.

"ದಾಡಿ ಅಂದ್ರ ಹೊಲದಾಗಿನ ಹುಲ್ಲಿದ್ದಂಗ್ರೀ. ತಾನಾ ಬೆಳೀತದ. ಹುಲ್ಲು ನೋಡಿ ಹೊಲದಾವನ ಮನಸ್ಸು ಹೇಳ್ತೀರೇನು?"

"ಹುಲ್ಲು ತಗೀದಂಗ ಬಿಟ್ಟಾನಂದ್ರ ಏನರೆ ಕಾರಣ ಇರ್ತದಲ್ಲಣ್ಣಾ?"

"ಇರ್ತದ. ಅದಕ್ಕ ಹುಲ್ಲಿಗಿ ಯಾಕ ಕೇಳ್ತೀರಿ? ಹೊಲದಾವನಿಗಿ ಕೇಳ್ರಿ."

ಈ ಮಾತು ಆ ವರ್ಷದ ನನ್ನ ದಿನಚರಿಯಲ್ಲಿ ಇಲ್ಲ. ಹುಡುಕಿ ನೋಡಿದ್ದೇನೆ. ಮುಂದೆ ಆದದ್ದಕ್ಕೆ ಸರಿಹೊಂದಲೆಂದು ನಾನೇ ಹಿಂದಿನಿಂದ ಹೊಲಿದಿರಬಹುದೇ? ಇರಲಿಕ್ಕಿಲ್ಲ. ಅಷ್ಟು ನೆಟ್ಟಗಿನ ಮಾತು ಕಟ್ಟುವ ಶಕ್ತಿ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ದಾಡಿ ಮಾಡಿಸಲು ಹೋದರೆ ಊರಿಂದ ತಂದ ಕೆಂಪು ಬಾಳೆಹಣ್ಣು ಕೈಗಿಡುತ್ತಿದ್ದರು. "ಮೊದಲ ತಿನ್ರಿ. ಖಾಲಿ ಹೊಟ್ಟೀಲೆ ಬರದ್ರ ಎಲ್ಲಾರಿಗೂ ಕೆಂಪು ಕಣ್ಣು ಕೊಟ್ಟು ಬರ್ತೀರಿ." ಇದು ದಿನಚರಿಯಲ್ಲಿದೆ.

ಎರಡನೆಯ ವರ್ಷ ಒಂದು ದಿನ ನೋಡಿದರೆ ಅವರ ಕೆನ್ನೆಯ ಮೇಲೆ ಕುರುಚಲು ಎದ್ದಿತ್ತು. ದಿನಾ ಬೆಳಿಗ್ಗೆ ಅಂಗಡಿ ತೆರೆದು ಮೊದಲು ತಮ್ಮ ದಾಡಿಯನ್ನೇ ಮಾಡಿಕೊಳ್ಳುತ್ತಿದ್ದ ಮನುಷ್ಯ. ಮುಂದಿನ ವಾರ ಅದು ದಟ್ಟವಾಯಿತು. ತಿಂಗಳಾಗುವಷ್ಟರಲ್ಲಿ ಗದ್ದ ಕಾಣದಾಯಿತು. ಊರಿನವರ ದಾಡಿಯನ್ನೆಲ್ಲ ತೆಗೆಯುವವರ ಮುಖದ ಮೇಲೆ ಕಾಡು. ಕಾಕಾ ಬಿಡುವವರೇ?

"ಯಾಕಪಾ, ಬ್ಲೇಡ್ ತುಟ್ಟಿ ಆಗ್ಯಾವೇನು?"

"ಆಗ್ಯಾವ್ರಿ ಕಾಕಾ."

"ಸನ್ಯಾಸ ತಗೊಳ್ಳಾಂವ ಇದ್ರ ಹೇಳಿ ತಗೋ. ನಾ ಬ್ಯಾರೆ ಅಂಗಡಿ ನೋಡ್ಕೋಬೇಕು."

"ಹೇಳ್ತೀನ್ರಿ ಕಾಕಾ, ನಿಮಗ ಹೇಳದಂಗ ಎಲ್ಲಿ ಹೋಗ್ಲಿ."

ನಗುತ್ತಲೇ ಹೇಳುತ್ತಿದ್ದರು. ಆದರೆ ಕಥೆ ಓದುವುದು ನಿಂತಿತ್ತು. ಪೆನ್ಸಿಲ್ಲು ಕಿವಿಯಲ್ಲೇ ಇರುತ್ತಿತ್ತು. ಮಧ್ಯಾಹ್ನವೇ ಬಾಗಿಲು ಹಾಕಿ ಬಸ್ ಸ್ಟ್ಯಾಂಡಿನ ಕಡೆ ಓಡುವ ದಿನಗಳು ಹೆಚ್ಚಾದವು. ಕತ್ತಿ ಹಿಡಿದ ಕೈ ಅರ್ಧಕ್ಕೇ ನಿಂತು, ಅವರು ಕನ್ನಡಿಯಾಚೆ ಎಲ್ಲೋ ನೋಡುತ್ತಿದ್ದರೆಂದು ನನಗನ್ನಿಸುತ್ತಿತ್ತು.

ನಾನು ಅವರಿಗೆ ಕೇಳಲಿಲ್ಲ. ಹುಲ್ಲಿಗೇ ಕೇಳಿದೆ. ಒಂದೇ ವಾರದಲ್ಲಿ ಕಥೆ ಬರೆದೆ. ಕಥೆಯ ಕ್ಷೌರಿಕನ ಹೆಂಡತಿ ಅವನನ್ನು ಬಿಟ್ಟು ಹೋಗಿದ್ದಾಳೆ. ಲೋಕದ ಮುಖವನ್ನೆಲ್ಲ ತಿದ್ದುವ ಅವನು ತನ್ನ ಮುಖವನ್ನು ಕಾಡಿಗೆ ಬಿಟ್ಟಿದ್ದಾನೆ. ಅವನ ಬತ್ತಿದ ಬಾವಿಯಂಥ ಕಣ್ಣುಗಳಲ್ಲಿ ಯಾರ ಮುಖವೂ ಮೂಡುವುದಿಲ್ಲ. ಇಡೀ ಕಥೆಯಲ್ಲಿ 'ಅವನು' ಎಂದೇ ಬರೆದಿದ್ದೆ. ಎದುರಿಗೆ ಅಣ್ಣಾ, ಹಾಳೆಯ ಮೇಲೆ ಅವನು. ವಿಭಾಗದ ವಾರ್ಷಿಕ ಸಂಚಿಕೆಗೆ ಆರಿಸಿಕೊಂಡರು. ಗೆಳೆಯರು ದಾಡಿಯ ವರ್ಣನೆಯನ್ನು ಗಟ್ಟಿಯಾಗಿ ಓದಿ ಹೊಗಳಿದರು.

ಸಂಚಿಕೆ ಅಚ್ಚಾಗಿ ಬರುವ ಹೊತ್ತಿಗೆ ಅಂಗಡಿಗೆ ಬೀಗ ಬಿದ್ದಿತ್ತು. ಹತ್ತು ದಿನ ತೆರೆಯಲಿಲ್ಲ. ಹನ್ನೊಂದನೆಯ ದಿನ ಹೋದರೆ ತೆರೆದಿತ್ತು. ಅಣ್ಣ ಕನ್ನಡಿ ಒರೆಸುತ್ತಿದ್ದರು. ದಾಡಿ ಇರಲಿಲ್ಲ.

"ಅಣ್ಣಾ! ಚಲೋ ಆತು ನೋಡ್ರಿ," ಎಂದೆ ಬಾಗಿಲಲ್ಲೇ. "ಹತ್ತು ವರ್ಷ ಸಣ್ಣಾವ್ರು ಕಾಣ್ತೀರಿ."

ಅವರು ತಲೆಯಾಡಿಸಿದರು. ನಾನು ಸಂಚಿಕೆ ಕೊಟ್ಟು ನನ್ನ ಕಥೆಯ ಪುಟ ತೆಗೆದು ತೋರಿಸಿದೆ. ಬೆಂಚಿನ ಮೇಲೆ ಕೂತು ಓದಿದರು. ರೂಢಿಯಂತೆ ಕಿವಿಯಿಂದ ಪೆನ್ಸಿಲ್ಲು ತೆಗೆದರು. ಓದು ಮುಗಿಯುವವರೆಗೂ ಅದು ಕೈಯಲ್ಲೇ ಇತ್ತು. ಒಂದು ಗೆರೆಯನ್ನೂ ಹಾಕಲಿಲ್ಲ.

ಆ ದಿನದ ದಿನಚರಿಯಲ್ಲಿ ಹೀಗಿದೆ: "ಜಗತ್‌ಗೆ ಹೋಗಿದ್ದೆ. ಸಂಚಿಕೆ ಕೊಟ್ಟೆ. ಮಳೆ." ಮಳೆ ನನಗೆ ನೆನಪಿಲ್ಲ. ಕನ್ನಡಿಯ ಮೇಲೆ ಬಿಸಿಲಿತ್ತೆಂದೇ ನೆನಪು. ಯಾವುದನ್ನು ನಂಬಬೇಕೋ ತಿಳಿಯದು. ಅವರ ಮಾತುಗಳನ್ನು ಮಾತ್ರ ನಂಬುತ್ತೇನೆ.

"ನಮ್ಮಾಕಿ ಬಿಟ್ಟು ಹೋಗಿಲ್ಲರೀ," ಎಂದರು. "ಮನ್ಯಾಗ ಅದಾಳ. ಹೋದ ವಾರ ದವಾಖಾನಿಂದ ಬಂದಾಳ."

ಪೆನ್ಸಿಲ್ಲನ್ನು ಮತ್ತೆ ಕಿವಿಗೆ ಸಿಕ್ಕಿಸಿ, "ಬಸುರಿದ್ಲು. ಆರು ತಿಂಗಳು ತುಂಬಿತ್ತು. ಮೊದಲ ಎರಡು ಸಲ ಹೋಗಿದ್ವು. ಈ ಸಲ ನಮ್ಮವ್ವ ಹೇಳಿದ್ಲು, ಹೆಂಡ್ತಿ ಬಸುರಿದ್ದಾಗ ದಾಡಿಗಿ ಕತ್ತಿ ಹಚ್ಚಬ್ಯಾಡ ಅಂತ. ನನಗ ಅದರಾಗ ನಂಬಿಕಿ ಇಲ್ಲ. ಆದ್ರ ಒಂದು ದಾಡಿಲೆ ಏನು ಹೋಗ್ತದ ಅಂತ ಬಿಟ್ಟಿದ್ದೆ," ಎಂದರು. "ಈಗ ತಗದದ."

ನನಗೆ ಈ ಪದ್ಧತಿ ಗೊತ್ತಿರಲಿಲ್ಲ ಎಂದು ಬರೆಯುವಂತಿದ್ದರೆ ಎಷ್ಟು ಹಗುರಾಗುತ್ತಿತ್ತು. ಗೊತ್ತಿತ್ತು. ನಮ್ಮೂರಿನಲ್ಲಿ ನನ್ನ ಸ್ವಂತ ಸೋದರಮಾವ, ಅತ್ತೆ ಬಸುರಿಯಾಗಿದ್ದಾಗ ದಾಡಿ ಬಿಟ್ಟಿದ್ದರು. ಅದನ್ನು ಹಿಡಿದು ಎಳೆದು ನಾನು ಬೈಸಿಕೊಂಡಿದ್ದೆ. ಊರಿನಲ್ಲಿ ಯಾವ ಮುದುಕಿಯಾದರೂ ಅಣ್ಣನ ಮುಖ ನೋಡಿದ ಕೂಡಲೇ, "ಎಷ್ಟನೇ ತಿಂಗಳಪಾ?" ಎನ್ನುತ್ತಿದ್ದಳು. ಎರಡು ವರ್ಷ ಕಥೆಗಳನ್ನು ಬಿಡಿಸಿ ನೋಡಲು ಕಲಿತ ನಾನು ಅದನ್ನೇ ಮರೆತಿದ್ದೆ. ಆ ದಾಡಿ ನನ್ನೆದುರು ತಿಂಗಳುಗಟ್ಟಲೆ ಆಸೆಯಾಗಿ ಬೆಳೆದಿತ್ತು. ನಾನು ಅದನ್ನು ದುಃಖವೆಂದು ಓದಿದ್ದೆ. ದುಃಖ ನಿಜವಾಗಿ ಬಂದು ದಾಡಿ ಹೋದ ದಿನ, ಚಲೋ ಆತು ಎಂದಿದ್ದೆ.

ಅಣ್ಣ ಬೆಂಚಿನಿಂದ ಎದ್ದರು. "ಕೂಡ್ರಿ," ಎಂದು ಕುರ್ಚಿಯ ಮೇಲಿನ ಕೂದಲು ಜಾಡಿಸಿದರು. "ದಾಡಿ ಬೆಳದದ." ಕೂತೆ. ನೊರೆ ಹಚ್ಚಿದರು. ಹೆಬ್ಬೆರಳು ಗದ್ದದ ಕೆಳಗೆ ಬಂತು. ನಾನು ಕಣ್ಣು ಮುಚ್ಚಿದವನು ಮುಗಿಯುವವರೆಗೆ ತೆರೆಯಲಿಲ್ಲ. ಆ ದಿನ ತಲೆಯೆತ್ತಿ ನೋಡಿದ್ದರೆ ಅವರ ಕಣ್ಣು ಹೇಗಿದ್ದವೆಂದು ಈಗ ನನಗೆ ಗೊತ್ತಿರುತ್ತಿತ್ತು. ಕತ್ತಿ ಎಂದಿನಂತೆಯೇ ಹಗುರಾಗಿ ಹೋಯಿತು.

ಆಮೇಲೆ ಮೂರು ತಿಂಗಳು ಆ ಓಣಿಯ ಕಡೆ ಹೋಗಲಿಲ್ಲ. ಬೇರೆ ಅಂಗಡಿಗೆ ಹೋಗಲೂ ಮನಸ್ಸು ಬರಲಿಲ್ಲ. ನನ್ನ ದಾಡಿ ಬೆಳೆಯಿತು. ಒಬ್ಬ ಗೆಳೆಯ ನಾನು ಪ್ರೇಮದಲ್ಲಿ ಸೋತಿದ್ದೇನೆಂದ, ಇನ್ನೊಬ್ಬ ಕ್ರಾಂತಿಕಾರಿಯಾಗುತ್ತಿದ್ದೇನೆಂದ. ಒಂದು ಸಂಜೆ ಜಗತ್‌ನಲ್ಲಿ ರಸ್ತೆ ದಾಟುವಾಗ ಹಿಂದಿನಿಂದ ಯಾರೋ ಹೆಗಲು ಹಿಡಿದರು. ಅಣ್ಣ, ಬಸ್ಸಿಗೆ ಹೊರಟವರು. ನನ್ನ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಏನ್ರೀ ಮಾಸ್ತರ್ರ, ನಮಗ ಹೇಳದಂಗ ಲಗ್ನಾ ಮಾಡ್ಕೊಂಡ್ರೇನು? ಎಷ್ಟನೇ ತಿಂಗಳು?"

ಆಟೋಗಳ ಹಾರನ್ನಿನ ನಡುವೆ ನಿಂತು ನಾನು ಅತ್ತೆ. ಅವರು ನಗುತ್ತಿದ್ದರು. ಅಂಥ ನಗೆಯಾಡಲು ಅವರು ತಮ್ಮೊಳಗೆ ಎಲ್ಲಿಂದ ಎಲ್ಲಿಗೆ ನಡೆದು ಬರಬೇಕಾಗಿತ್ತೆಂದು ಆಗ ನನಗೆ ಹೊಳೆಯಲಿಲ್ಲ. ತೋಳು ಹಿಡಿದು ಅಂಗಡಿಗೆ ಕರೆದುಕೊಂಡು ಹೋದರು. ಬೀಗ ತೆಗೆದು, ಕೂಡಿಸಿ, ಆ ಮೂರು ತಿಂಗಳನ್ನು ತೆಗೆದುಹಾಕಿದರು. ಸಂಜೆಯ ಬಸ್ಸು ಹೋಯಿತು.

ಪಟಿಕದ ಕಲ್ಲು ಉಜ್ಜುತ್ತ ಹೇಳಿದರು: "ನಿಮ್ಮ ಕಥಿ ಅಕಿಗಿ ಓದಿ ಹೇಳಿದೆ."

"ಯಾಕಣ್ಣಾ?"

"ದಿನಾ ಓದ್ತೀನಲ್ಲ, ಇದಕ್ಕೇನು ಮುಚ್ಚೋದು? ಕೇಳಿದ್ಲು. ಕಡೀಗಿ ಒಂದೇ ಮಾತು ಅಂದ್ಲು, 'ಅಕಿ ಯಾಕ ಹೋದ್ಲು? ನಾ ಎಲ್ಲಿಗೂ ಹೋಗಿಲ್ಲಲ್ಲ.' ಮಾಸ್ತರ್ರ, ದಾಡಿ ಬಗ್ಗೆ ಏನಾರೆ ಬರ್ಕೋರಿ, ಕಣ್ಣು ಬಾವಿ ಮಾಡ್ರಿ, ಕೆರಿ ಮಾಡ್ರಿ. ಅಕಿನ್ನ ಮಾತ್ರ ತಿರುಗಿ ಮನಿಗಿ ಕರಸ್ರಿ."

ಹೂಂ ಎಂದೆ. ಮಾತು ಕೊಟ್ಟೆ.

ಬರೆಯಲು ಕೂತರೆ ಬರಲಿಲ್ಲ. "ಆಕೆ ಬಾಗಿಲಲ್ಲಿ ನಿಂತಿದ್ದಳು. ಆಕೆಯ ಕಣ್ಣುಗಳಲ್ಲಿ" ಎಂದು ಬರೆದು ಹರಿದುಹಾಕಿದೆ. ನಾನು ಆಕೆಯನ್ನು ನೋಡಿಯೇ ಇರಲಿಲ್ಲ. ಅಣ್ಣ ಎಷ್ಟೋ ಸಲ ಕರೆದರು: "ಕಮಲಾಪುರಕ್ಕ ಬರ್ರಿ, ಅಕಿ ಕೈಯಾಂದು ರೊಟ್ಟಿ ಉಂಡು ಬರೀರಿ." ನಾಚಿಕೆ ನನ್ನನ್ನು ಬಸ್ಸು ಹತ್ತಗೊಡಲಿಲ್ಲ. ಓದು ಮುಗಿದು ದೂರದ ಜಿಲ್ಲೆಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ರಜೆಗೆ ಬಂದಾಗಲೆಲ್ಲ ಅಂಗಡಿಗೆ ಹೋಗುತ್ತಿದ್ದೆ. ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುತ್ತಿದ್ದರು:

"ಅಕಿ ಮನಿಗಿ ಬಂದ್ಲೇನ್ರೀ?"

"ಇನ್ನಾ ಬಸ್ಸಿನ್ಯಾಗ ಅದಾಳಣ್ಣಾ."

"ಭಾಳ ಸಾವಕಾಶ ನಡೀತದ ನಿಮ್ಮ ಬಸ್ಸು."

ವರ್ಷಗಟ್ಟಲೆ ನಡೆಯಿತು ಈ ಮಾತು. ಮೊದಮೊದಲು ನಗುತ್ತ ಉತ್ತರಿಸುತ್ತಿದ್ದೆ. ಆಮೇಲೆ ಅವರಷ್ಟೇ ನಗುತ್ತಿದ್ದರು. ಅವರಿಗೆ ಮುಂದೆ ಮಕ್ಕಳಾಗಲಿಲ್ಲ. ಅದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ಸಲ ಹೋದಾಗ ಅಂಗಡಿ ಮುಚ್ಚಿತ್ತು, ಇನ್ನೊಂದು ಸಲವೂ ಮುಚ್ಚಿತ್ತು. ಮೊಬೈಲು ಬದಲಿಸಿದಾಗ ಅವರ ನಂಬರೂ ಹೋಯಿತು. ಇವೆಲ್ಲ ನೆಪಗಳೆಂದು ನನಗೆ ಗೊತ್ತಿದೆ.

ಈ ವರ್ಷ ವರ್ಗವಾಗಿ ಕಲಬುರಗಿಗೆ ಮರಳಿದೆ. ಓಣಿಗೆ ಹೋದರೆ ಆ ಜಾಗದಲ್ಲಿ ಮೊಬೈಲ್ ಕವರಿನ ಅಂಗಡಿ. ಪಕ್ಕದ ಚಹಾದವನು ಹೇಳಿದ: "ಅವರಾ? ಹೋದ ಬ್ಯಾಸಗ್ಯಾಗ ತೀರ್ಕೊಂಡ್ರು ಸಾರ್. ಎದಿ ನೋವು ಅಂದ್ರಂತ, ಮುಗೀತು." ಅವನಿಂದಲೇ ಮನೆಯ ಗುರುತು ಕೇಳಿಕೊಂಡು ಮರುದಿನ ಕಮಲಾಪುರದ ಬಸ್ಸು ಹತ್ತಿದೆ. ಮುಕ್ಕಾಲು ತಾಸಿನ ದಾರಿ. ಅಷ್ಟೇ ಇತ್ತು.

ಸಂತೆಯ ದಿನ. ಬಾಳೆಯ ಗಾಡಿಗಳನ್ನು ಬಳಸಿಕೊಂಡು ಓಣಿ ಹೊಕ್ಕೆ. ಆಕೆ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾರೆ, ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದರು. ಅಣ್ಣನ ಹೆಂಡತಿಯಾದ್ದರಿಂದ ವೈನಿ ಎಂದೆ. ಯಾರೆಂದು ಹೇಳಿದೆ.

"ದಾಡಿ ಕಥಿ ಬರದಾವ್ರೇನು?" ಎಂದರು. ಸಿಟ್ಟಿರಲಿಲ್ಲ. "ಒಳಗ ಬರ್ರಿ ತಮ್ಮಾ. ಭಾಳ ತಡಾ ಮಾಡಿದ್ರಿ."

ಗೋಡೆಯ ಮೇಲೆ ಫೋಟೋ ಇತ್ತು. ಯಾವುದೋ ಕಾರ್ಡಿಗೆ ತೆಗೆಸಿದ್ದನ್ನು ದೊಡ್ಡದು ಮಾಡಿಸಿದ್ದು. ದೊಡ್ಡದಾಗುವಾಗ ಕಣ್ಣು ಎರಡು ಬೂದು ಕಲೆಗಳಾಗಿದ್ದವು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು, "ಅದರಾಗ ಚಂದ ಬಂದಿಲ್ಲ," ಎಂದರು.

ಚಹಾ ಕುಡಿಯುತ್ತ, ಎಷ್ಟೋ ವರ್ಷಗಳಿಂದ ಒಳಗಿದ್ದುದನ್ನು ಹೇಳಿದೆ. ಆ ಕಥೆಯನ್ನು ಸರಿಮಾಡುತ್ತೇನೆಂದು ಅಣ್ಣನಿಗೆ ಮಾತು ಕೊಟ್ಟು ಮಾಡಲಿಲ್ಲ ವೈನಿ ಎಂದೆ. ಅಣ್ಣ ದಾಡಿ ತೆಗೆದುಕೊಂಡು ಬಂದ ದಿನ ಬಾಗಿಲಲ್ಲಿ ನಿಂತು ನಾನು ಅಂದದ್ದನ್ನೂ ಹೇಳಿದೆ.

ಆಕೆ ಚಹಾದ ಬಟ್ಟಲು ಕೆಳಗಿಟ್ಟರು. "ಅವರು ತಗದಿಲ್ಲ. ನಾ ತಗದೆ."

ನನಗೆ ಅರ್ಥವಾಗಲಿಲ್ಲ.

"ದವಾಖಾನಿಂದ ಬಂದಮ್ಯಾಲೆ ಅವರು ದಾಡಿ ತಗೀಲೇ ಇಲ್ಲರೀ. ಅತ್ತಿ ಹೇಳಿದ್ರು, ಇನ್ನ ಯಾಕ ಇಟ್ಕೊಂಡೀದಿ, ತಗಿ ಅಂತ. ಓಣ್ಯಾನ ಮಂದಿ ಹೇಳಿದ್ರು. ಸುಮ್ನ ಕುಂತಿರ್ತಿದ್ರು. ತಗದ್ರ ಮುಗದೇ ಹೋಗ್ತದಲ್ಲರೀ. ಒಂದಿನ ನಾನ ಎದ್ದೆ. ಅಂಗಳದಾಗ ಮಣಿ ಹಾಕಿ ಕೂಡಿಸಿದೆ. ಅವರ ಪೆಟಗ್ಯಾಗಿಂದು ಕತ್ತಿ ತಂದೆ. 'ನಿನಗ ಬರಂಗಿಲ್ಲ' ಅಂದ್ರು. 'ನಿಮಗರೆ ಎಲ್ಲಿ ಬರ್ಲಾಕತ್ತದ?' ಅಂದೆ."

ಹೊರಗೆ ಸಂತೆಯಿಂದ ಮರಳುವವರ ಮಾತು ಕೇಳಿಸುತ್ತಿತ್ತು. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡರು.

"ಎರಡು ಕಡಿ ಕೊಯ್ದೆ. ಹಾಂ ಅನಲಿಲ್ಲ, ಹೂಂ ಅನಲಿಲ್ಲ. ಮರುದಿನ ಅಂಗಡಿಗಿ ಬಂದ್ರು. ಗಾಯ ಇನ್ನಾ ಹಸಿ ಇದ್ವು. ನೀವು ನೋಡಿರಬೇಕಲ್ಲ?"

ನೋಡಿದ್ದೆ ಎನ್ನಲು ಬಾಯಿ ತೆರೆದೆ. ಆ ಹೊತ್ತಿಗೆ ನನಗೆ ಆ ಗಾಯಗಳು ನೆನಪಿಗೂ ಬಂದಂತಾಯಿತು. ನನ್ನ ನೆನಪಿನ ಗುಣವೇ ಅಂಥದ್ದು, ಕೇಳಿದ್ದನ್ನು ಕಂಡದ್ದೆಂದು ಸಾಧಿಸುತ್ತದೆ. ಕತ್ತಿಯಲ್ಲಿ ನುರಿತವರ ಗದ್ದದ ಮೇಲೆ ಎರಡು ಹಸಿ ಗಾಯ. ಮುಖಕ್ಕೆ ಮುಖ ಕೊಟ್ಟು ನಿಂತು, ಹತ್ತು ವರ್ಷ ಸಣ್ಣವರು ಕಾಣುತ್ತೀರಿ ಎಂದು ಹೊಗಳಿದ್ದೆ.

"ಇಲ್ಲ ವೈನಿ," ಎಂದೆ. "ನೋಡಲಿಲ್ಲ."

"ಇಲ್ಲೊಂದು," ಎಂದು ಆಕೆ ತಮ್ಮ ಗದ್ದದ ಎಡಗಡೆ ಬೆರಳಿಟ್ಟು ತೋರಿಸಿದರು. "ಇಲ್ಲೊಂದು," ಕೆಳದುಟಿಯ ಕೆಳಗೆ. ಬೆರಳನ್ನು ಅಲ್ಲೇ ಇಟ್ಟುಕೊಂಡು, "ಈಗ ಬರಕೋರಿ," ಎಂದರು.

ಅಲ್ಲೇ ಕೂತು ಬರೆದುಕೊಂಡೆ. ನಾನು ಮುಗಿಸುವವರೆಗೆ ಆಕೆ ಬೆರಳು ತೆಗೆಯಲಿಲ್ಲ.